ಗಡಿಯಾರದ ಹೊತ್ತು, ಸೂರ್ಯನ ಹೊತ್ತು

ಹೊತ್ತನ್ನು ವ್ಯರ್ಥಮಾಡಬಾರದೆಂಬ ಉಪದೇಶವನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಯಾವ ಹೊತ್ತು? ಗಡಿಯಾರದ ಮುಳ್ಳು ತೋರುವುದೋ, ಆಕಾಶದ ಸೂರ್ಯನು ತೋರುವುದೋ? ಇವೆರಡನ್ನೂ ಒಂದೇ ಎಂದು ಭಾವಿಸಿರುವುದರಿಂದ ನಮ್ಮ ಬಳ್ಳಾರಿ ಸೀಮೆಯಲ್ಲಿ ಬೇಸಿಗೆಯ ದಿನದ ಉತ್ತಮ ಭಾಗವು ನಷ್ಟವಾಗುತ್ತಿದೆಯೆಂದು ನಮ್ಮ ಅಭಿಪ್ರಾಯ.

ಗಡಿಯಾರದ ಅಂಕೆಯು ಮನುಷ್ಯರು ಮಾಡಿಕೊಂಡ ಒಪ್ಪಂದ. 19ನೆಯ ಶತಮಾನದ ಕೊನೆಯಲ್ಲಿ ನಮ್ಮ ರೈಲುಗಳು ಮದರಾಸಿನ ಕಾಲವನ್ನು ಅನುಸರಿಸುತ್ತಿದ್ದವು. 1906ರ ಜನವರಿ 1ರಂದು ಭಾರತೀಯ ಪ್ರಮಾಣ ಕಾಲವು ಜಾರಿಗೆ ಬಂದಿತು. ಅದರ ಆಧಾರ 82½ ಡಿಗ್ರಿ ಪೂರ್ವ ರೇಖಾಂಶ. ಬಳ್ಳಾರಿಯದಾದರೋ ಸುಮಾರು 76.9 ಡಿಗ್ರಿ. ಒಂದು ಡಿಗ್ರಿಗೆ 4 ನಿಮಿಷಗಳಂತೆ ಎಣಿಸಿದರೆ, ಇಲ್ಲಿಯ ಸೂರ್ಯನು ಗಡಿಯಾರಕ್ಕಿಂತ ಸರಾಸರಿ 22 ನಿಮಿಷ ಹಿಂದೆ. ಸಿರುಗುಪ್ಪ, ಕುರುಗೋಡುಗಳೂ ಹೆಚ್ಚುಕಡಮೆ ಇದೇ ರೇಖೆಯಲ್ಲಿರುವುದರಿಂದ ಮೂರೂ ಊರುಗಳಿಗೆ ಲೆಕ್ಕ ಒಂದೇ. ಭೂಮಿಯ ಕಕ್ಷೆಯು ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ಓರೆ. ಆದಕಾರಣ ನಿಜವಾದ ಮಧ್ಯಾಹ್ನವು ಫೆಬ್ರವರಿಯಲ್ಲಿ ಸುಮಾರು 12-36ಕ್ಕೂ ನವೆಂಬರಿನ ಆದಿಯಲ್ಲಿ ಸುಮಾರು 12-06ಕ್ಕೂ ಆಗುತ್ತದೆ.

ಜನವರಿಯ ಕೊನೆಯಲ್ಲಿ ಇಲ್ಲಿ ಸೂರ್ಯೋದಯವು ಸುಮಾರು 6-50ಕ್ಕೆ. ಮೇ ತಿಂಗಳಲ್ಲಿ 6 ಗಂಟೆಗೆ ಮೊದಲೇ. ಹೀಗಿದ್ದರೂ 10 ಗಂಟೆಗೇ ಕೆಲಸ ಆರಂಭಿಸಿದರೆ, ಮೇ ತಿಂಗಳಲ್ಲಿ ತಂಪಾದ 4 ಗಂಟೆಗಳ ಬೆಳಕು ಅಷ್ಟರಲ್ಲೇ ಕಳೆದಿರುತ್ತದೆ. ಬಿಸಿಲಿನ ಝಳವು ಸೂರ್ಯನು ನೆತ್ತಿಗೇರಿದೊಡನೆ ಇಳಿಯುವುದಿಲ್ಲ. ನೆಲವು ಹೊರಬಿಡುವುದಕ್ಕಿಂತ ಹೆಚ್ಚು ಶಾಖವನ್ನು ಪಡೆಯುತ್ತಿರುವವರೆಗೂ ಅದು ಕಾಯುತ್ತಲೇ ಇರುವುದರಿಂದ, ಅತಿಯಾದ ಸೆಕೆಯು ಮಧ್ಯಾಹ್ನ 2ರಿಂದ 4ರ ನಡುವೆ ಬರುತ್ತದೆ. ಆಗಲೇ ಮಕ್ಕಳು ಪಾಠ ಕೇಳಬೇಕು. ತಗಡಿನ ಮಾಡಿನ ಕೆಳಗೆ ಕೆಲಸಗಾರರು ದುಡಿಯಬೇಕು. ಹೊಲಗದ್ದೆಗಳ ಕೂಲಿಕಾರರು ಇದನ್ನು ಅನುಭವದಿಂದ ಬಲ್ಲರು. ಬೇಸಿಗೆಯಲ್ಲಿ ನಸುಕಿನಲ್ಲೇ ಕೆಲಸಕ್ಕಿಳಿಯುತ್ತಾರೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಭಾಗದ ಸರ್ಕಾರಿ ಕಛೇರಿಗಳನ್ನು ಬೆಳಿಗ್ಗೆ 8 ಗಂಟೆಗೆ ತೆರೆಯುವ ಏರ್ಪಾಡು ಅನೇಕ ವರ್ಷಗಳಲ್ಲಿ ನಡೆದಿದೆ. ಅದು ಸ್ತುತ್ಯ. ಆದರೆ ಕಛೇರಿಯ ಗುಮಾಸ್ತನಿಗೆ ಸಲ್ಲುವ ಅನುಕೂಲವು ಕಾರ್ಖಾನೆಯ ಕೆಲಸಗಾರನಿಗೂ ಶಾಲೆಯ ಮಗುವಿಗೂ ಏಕೆ ಸಲ್ಲಬಾರದು? ಮಾರ್ಚಿಯಿಂದಲೇ ಎಲ್ಲರೂ 7 ಗಂಟೆಗೆ ಕೆಲಸವನ್ನಾರಂಭಿಸಿ, ಮಧ್ಯಾಹ್ನಕ್ಕೆ ಮುಗಿಸಲಿ. ಚಳಿಗಾಲದಲ್ಲಿ ಹಳೆಯ ವೇಳೆಯೇ ಇರಲಿ.

ಬೇಗ ಏಳುವುದು ಕಷ್ಟವೆಂದು ಕೆಲವರು ಆಕ್ಷೇಪಿಸಬಹುದು. ಬೇಗ ಏಳಬೇಕಾದವನು ಬೇಗ ಮಲಗಬೇಕೆಂಬುದು ನಿಜ. ನಿದ್ರೆಯನ್ನು ಕಡಿದು ಗಳಿಸಿದ ಹೊತ್ತು ಲಾಭವಲ್ಲ. ವೇಳಾಪಟ್ಟಿಯನ್ನು ತಿದ್ದಲು ಒಂದು ಆಜ್ಞೆ ಸಾಕು. ಕಳೆದುಹೋದ ಮುಂಜಾವನ್ನು ಯಾವ ಆಜ್ಞೆಯೂ ಮರಳಿ ತರಲಾರದು.