ಕ್ರಿಕೆಟ್ ಕಿಟ್ ಪಕ್ಕ ಒಂದು ಹಗ್ಗ

ಅಂತರಗಂಗೆ ಬೆಟ್ಟದ ಬಂಡೆಯೊಂದಕ್ಕೆ ಹಲ್ಲಿಯಂತೆ ಅಂಟಿಕೊಂಡಿದ್ದೆ. ಎಡಗಾಲಿಗೆ ಆಸರೆ ಇತ್ತು, ಬಲಗಾಲು ಗಾಳಿಯಲ್ಲಿತ್ತು. ಕೆಳಗೆ ಎರಡಾಳು ಆಳದ ಕೊರಕಲು. ‘ಕದಲಕುರಾ!’ ಎಂದು ಮಾಲೂರಿನ ಗೆಳೆಯ ಕೂಗಿದ. ನಮ್ಮ ಕಡೆಯವರಿಗೆ ಗಾಬರಿಯಾದರೆ ಬಾಯಿಗೆ ಮೊದಲು ಬರುವುದು ತೆಲುಗೇ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಹೀಗೆ ತಾಲ್ಲೂಕಿಗೊಬ್ಬರಂತೆ ನಾವು ನಾಲ್ವರು. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇವೆ. ಅಂದು ಭಾನುವಾರ. ಬಸವನ ಬಾಯಿಂದ ನೀರು ಬೀಳುವ ಜಾಗದವರೆಗೆ ಮೆಟ್ಟಿಲು ಹತ್ತಿ, ಅಲ್ಲಿಂದ ಮೇಲೆ ಗುಹೆಗಳತ್ತ ಹೊರಟಿದ್ದೆವು. ನಾನು ಮುಳಬಾಗಿಲಿನವನು. ಚಿಕ್ಕಂದಿನಿಂದ ಆವಣಿ ಬೆಟ್ಟದ ಸೀತಮ್ಮನ ಗುಡಿಗೆ ಹತ್ತಿ ಇಳಿದವನೆಂಬ ಜಂಬ ಬೇರೆ. ಜೊತೆಗೆ ಮೊಬೈಲ್‌ನಲ್ಲಿ ಆಲ್ಪ್ಸ್ ಪರ್ವತದ ವಿಡಿಯೊ ನೋಡಿ ನೋಡಿ ಏರಿದ್ದ ಹುರುಪು. ದಾರಿ ಬಿಟ್ಟು ಬಂಡೆ ಹತ್ತಿದೆ. ಹತ್ತುವಾಗ ಏನೂ ಅನಿಸಲಿಲ್ಲ. ಇಳಿಯಲು ನೋಡಿದರೆ ಕಾಲಿಡುವ ಜಾಗವೇ ಕಾಣಲಿಲ್ಲ.

ಗೆಳೆಯ ಕೆಳಗಿನಿಂದ ಬಂದು ನನ್ನ ಹಿಮ್ಮಡಿ ಹಿಡಿದು ಒಂದು ಸೀಳಿನೊಳಗೆ ಇಟ್ಟ. ‘ಕಲ್ಲನ್ನ ತಬ್ಕೋಬೇಡ ಕಣೋ, ಕಾಲ ಮೇಲೆ ಭಾರ ಬಿಡು’ ಎಂದ. ಹಾಗೆಯೇ ಒಂದೊಂದೇ ಹೆಜ್ಜೆ ಇಳಿಸಿದ. ಮೊಣಕೈ ತರಚಿತು, ಅಷ್ಟೆ. ಅವನ ಅಪ್ಪ ಟೇಕಲ್ ಕಡೆ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದವರು. ಯಾವ ಕಲ್ಲು ಕಾಲು ಹಿಡಿಯುತ್ತದೆ, ಯಾವುದು ಜಾರಿಸುತ್ತದೆ ಎಂಬುದನ್ನು ಅವನು ಅವರಿಂದ ಕಲಿತಿದ್ದ.

ಸ್ವಲ್ಪ ಹೊತ್ತಿಗೆ ಬೆಂಗಳೂರಿನ ಒಂದು ಗುಂಪು ಬಂತು. ದುಡ್ಡು ಕೊಟ್ಟು ಟ್ರೆಕ್ಕಿಂಗ್‌ಗೆ ಬಂದವರು. ಅವರ ಲೀಡರ್ ನಮ್ಮವನನ್ನೇ ‘ಗುಹೆಗೆ ದಾರಿ ಯಾವುದು ಬ್ರೋ?’ ಎಂದು ಕೇಳಿದ. ಇವನು ಜೊತೆಗೇ ಹೋಗಿ ಗುಹೆ ತೋರಿಸಿ ಬಂದ. ಸಿಕ್ಕಿದ್ದು ಒಂದು ಬಿಸ್ಕತ್ ಪೊಟ್ಟಣ. ನಾಲ್ವರೂ ಹಂಚಿಕೊಂಡು ತಿಂದೆವು. ನನಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ.

ಆಲ್ಪ್ಸ್‌ನಲ್ಲಿ ಶಾಮೊನಿ ಎಂಬ ಊರಿದೆ. 1820ರಲ್ಲಿ ಮಾಂಟ್ ಬ್ಲಾಂಕ್ ಹತ್ತುವಾಗ ಹಿಮ ಕುಸಿದು ಅಲ್ಲಿನ ಮೂವರು ಗೈಡ್‌ಗಳು ಸತ್ತರು. ಮರುವರ್ಷವೇ ಊರಿನವರು ಗೈಡ್‌ಗಳ ಸಂಘ ಕಟ್ಟಿದರು. ಅದು ಇಂದಿಗೂ ಇದೆ. ಬೆಟ್ಟದ ಬಗ್ಗೆ ಊರಿನವರಿಗಿದ್ದ ತಿಳಿವಳಿಕೆಗೆ ಅವರು ಕೂಲಿ ಕಟ್ಟಿದರು. ನಮ್ಮಲ್ಲಿ ಬಂಡೆ ನಂಬಿ ಬದುಕುವುದೆಂದರೆ ಬಂಡೆ ಒಡೆಯುವುದು ಎಂದೇ ಆಗಿದೆ. ಇದೇ ಬೆಟ್ಟದ ಮೇಲೆ ತೇರಹಳ್ಳಿ ಇದೆ. ಅಲ್ಲಿನ ಹುಡುಗರಿಗಿಂತ ಚೆನ್ನಾಗಿ ಈ ಬೆಟ್ಟವನ್ನು ಬಲ್ಲವರು ಯಾರಿದ್ದಾರೆ?

ಬಲ್ಲೆ ಎಂದರಷ್ಟೇ ಸಾಲದು ಎನ್ನುವುದನ್ನೂ ಆಲ್ಪ್ಸೇ ಹೇಳುತ್ತದೆ. 1865ರಲ್ಲಿ ಏಳು ಜನ ಮೊದಲ ಬಾರಿಗೆ ಮ್ಯಾಟರ್‌ಹಾರ್ನ್ ತುದಿ ಮುಟ್ಟಿದರು. ಇಳಿಯುವಾಗ ಅನುಭವವಿಲ್ಲದ ಯುವಕನೊಬ್ಬ ಜಾರಿದ, ತೆಳು ಹಗ್ಗ ತುಂಡಾಯಿತು, ನಾಲ್ವರು ಸತ್ತರು. ಇದನ್ನು ಓದುವಾಗ ನನಗೆ ನನ್ನ ಬಲಗಾಲು ನೆನಪಾಯಿತು.

‘ಕೆಲಸ ಹುಡುಕೋದು ಬಿಟ್ಟು ಬೆಟ್ಟ ಹತ್ತೋಕೆ ಹೋಗಿದ್ಯಾ?’ ಎಂದು ಅಮ್ಮ ಬೈದದ್ದು ಸರಿಯೇ. ವಾರಕ್ಕೆರಡು ದಿನದ ಗೈಡ್ ಕೆಲಸದಲ್ಲಿ ಮನೆ ನಡೆಯುವುದಿಲ್ಲ. ಮಳೆಗಾಲದಲ್ಲಂತೂ ಒದ್ದೆ ಬಂಡೆಯ ಹತ್ತಿರವೂ ಹೋಗಬಾರದು. ಆದರೆ ಓದುವ ಹುಡುಗರಿಗೆ ಕೋಚಿಂಗ್ ಫೀಸು ಹುಟ್ಟಿದರೂ ಅದು ಸಣ್ಣದಲ್ಲ. ಬೆಂಗಳೂರಿನಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಶಿಲಾರೋಹಣ ಕಲಿಸುತ್ತದೆ. ನಮ್ಮ ಕಾಲೇಜುಗಳು ವರ್ಷಕ್ಕೆ ನಾಲ್ಕೈದು ಜನರನ್ನು ಅಲ್ಲಿಗೆ ಕಳಿಸಬಾರದೇ? ಕ್ರೀಡಾ ಕೊಠಡಿಯಲ್ಲಿ ಕ್ರಿಕೆಟ್ ಕಿಟ್ ಪಕ್ಕ ಒಂದು ಒಳ್ಳೆ ಹಗ್ಗ, ನಾಲ್ಕು ಹೆಲ್ಮೆಟ್ ಇಟ್ಟರೆ ಎಷ್ಟು ಖರ್ಚಾದೀತು?

ಕಳೆದ ವಾರ ನಾವು ಓದಿದ ಕಾಲೇಜಿಗೆ ಹೋಗಿ ಇದನ್ನೇ ಕೇಳಿದೆವು. ಪಿ.ಟಿ. ಮೇಷ್ಟ್ರು ಒಳ್ಳೆಯವರು, ಕೂರಿಸಿ ಟೀ ಕೊಡಿಸಿದರು. ಪೂರ್ತಿ ಕೇಳಿಸಿಕೊಂಡು, ‘ಹಗ್ಗಜಗ್ಗಾಟದ ಹಗ್ಗ ಇದೆಯಲ್ಲಪ್ಪಾ, ಆಗುತ್ತಾ ನೋಡ್ರಿ’ ಎಂದು ಬೀರು ತೆಗೆದರು. ಮಾಲೂರಿನವನು ಅದನ್ನು ಕೈಯಲ್ಲಿ ತಿರುವಿ, ಒಂದೆರಡು ಕಡೆ ಹಿಸುಕಿ ನೋಡಿ, ಸುತ್ತಿ ವಾಪಸ್ ಇಟ್ಟ.