ಪರ–ವಿರೋಧ: ಟರ್ಬೊ ಇಲ್ಲದ ಸ್ಪೋರ್ಟ್ಸ್ ಕಾರಿಗೆ ಟರ್ಬೊ ಕೂರಿಸಬೇಕೇ?

ಅಕ್ಕೂರು ಚನ್ನಪಟ್ಟಣ ತಾಲ್ಲೂಕಿನ ಊರು. ರಾಗಿ, ರೇಷ್ಮೆ, ತೆಂಗು, ಮಾವಿನ ಸೀಮೆ. ಇಲ್ಲಿ ಸ್ಪೋರ್ಟ್ಸ್ ಕಾರಿನ ಮಾತೇಕೆ ಅನ್ನಬೇಡಿ. ಬಿಡದಿಗೆ ಟೊಯೋಟಾ ಬಂದು ಕಾಲು ಶತಮಾನ ದಾಟಿತು. ಅಷ್ಟು ದಿನದಿಂದ ಈ ಕಡೆಯ ಹುಡುಗರ ಕೈಗೆ ಸ್ಪ್ಯಾನರ್ ಹೊಸದಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಭಾನುವಾರ ಬೆಳಗ್ಗೆ ತಟ್ಟೆ ಇಡ್ಲಿಯ ನೆಪದಲ್ಲಿ ಬಿಡದಿಯವರೆಗೆ ಬರುವ ಎರಡು ಬಾಗಿಲಿನ ಕಾರುಗಳನ್ನು ನೋಡಿ ಯಾರೂ ಬೆರಗಾಗುವುದಿಲ್ಲ. ನೋಡಿದವರಲ್ಲಿ ಒಬ್ಬಿಬ್ಬರು ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುತ್ತಾರೆ, ಕೊಂಡ ಆರು ತಿಂಗಳಿಗೆ ಅದರ ಪಿಕಪ್ ಸಾಲದು ಅನ್ನಿಸುತ್ತದೆ. ಆಗ ಹುಟ್ಟುವ ಪ್ರಶ್ನೆ ಇದು. ಗ್ಯಾರೇಜುಗಳಲ್ಲಿ ಇದಕ್ಕೆ ಸಿಗುವ ಎರಡು ಬಗೆಯ ಉತ್ತರಗಳನ್ನು ಒಬ್ಬ ತಮ್ಮ, ಒಬ್ಬ ಅಣ್ಣನ ಬಾಯಲ್ಲಿ ನಾನೇ ಇಟ್ಟಿದ್ದೇನೆ. ನನ್ನ ಪಕ್ಷ ಯಾವುದು ಎಂಬುದನ್ನು ಮುಚ್ಚಿಡುವುದಿಲ್ಲ.

ಪರ

ಅಣ್ಣಾ, ಮೊದಲು ಗಾಳಿಯ ಲೆಕ್ಕ ನೋಡಿ. ಎಂಜಿನ್ನಿಗೆ ಪೆಟ್ರೋಲ್ ಸುರಿಯುವುದು ಕಷ್ಟವಲ್ಲ, ಅದನ್ನು ಸುಡುವಷ್ಟು ಗಾಳಿ ಒಳಗೆ ಹೋಗಬೇಕಲ್ಲ, ಅದು ಕಷ್ಟ. ಟರ್ಬೊ ಇಲ್ಲದ ಎಂಜಿನ್ನು ಪಿಸ್ಟನ್ ಕೆಳಗಿಳಿದಾಗ ತಾನಾಗಿ ನುಗ್ಗಿದಷ್ಟು ಗಾಳಿಯಲ್ಲೇ ಸಂಸಾರ ಮಾಡಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ನಮ್ಮ ಚನ್ನಪಟ್ಟಣ ಸ್ವಲ್ಪ ತಗ್ಗಿನಲ್ಲಿದೆ, ಆದರೂ ಕಡಲತೀರದ ಲೆಕ್ಕ ಇಲ್ಲಿ ಸಿಗುವುದಿಲ್ಲ. ಕಂಪನಿಯ ಪುಸ್ತಕದಲ್ಲಿ 106 ಅಶ್ವಶಕ್ತಿ ಎಂದು ಅಚ್ಚಾದ ಹಳೆಯ ಹೋಂಡಾ ಸಿಟಿ ವಿಟೆಕ್ ನಮ್ಮೂರ ರಸ್ತೆಯಲ್ಲಿ ಅಷ್ಟು ಕೊಡುವುದೇ ಇಲ್ಲ. ಟರ್ಬೊ ಆ ಕೊರತೆ ತುಂಬುತ್ತದೆ, ಮೇಲಿಷ್ಟು ಕೊಡುತ್ತದೆ.

ಅದನ್ನು ಎಲ್ಲಿಂದ ಕೊಡುತ್ತದೆ? ಸೈಲೆನ್ಸರಿನಿಂದ ಸುಮ್ಮನೆ ಹೊರಗೆ ಹೋಗುತ್ತಿದ್ದ ಬಿಸಿ ಹೊಗೆಯಿಂದ. ಆ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬುಖಿ 1905ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದ ಉಪಾಯ ಇದು, ನಿನ್ನೆ ಮೊನ್ನೆಯದಲ್ಲ. ಅರ್ಧ ಬಾರ್ ಬೂಸ್ಟ್ ಕೊಟ್ಟರೆ ಸಾಕು, ಒಂದೂವರೆ ಲೀಟರಿನ ಎಂಜಿನ್ನು ಎರಡು ಲೀಟರಿನದರಂತೆ ಎಳೆಯುತ್ತದೆ.

ಇನ್ನು ನಮ್ಮ ರಸ್ತೆ. ಟರ್ಬೊ ಇಲ್ಲದ ಸ್ಪೋರ್ಟ್ಸ್ ಎಂಜಿನ್ನಿನ ಜೀವ ಇರುವುದು ಆರು ಸಾವಿರ ಆರ್‌ಪಿಎಂ ಮೇಲೆ. ಹಂಪು, ಹಳ್ಳ, ಎದುರಿಗೆ ಹುಲ್ಲಿನ ಟ್ರ್ಯಾಕ್ಟರ್, ಪಕ್ಕದಲ್ಲಿ ಕುರಿಮಂದೆ ಇರುವ ಕಡೆ ಆರು ಸಾವಿರ ಯಾವಾಗ ಮುಟ್ಟುವುದು? ಗಾಡಿ ಓಡುವುದೆಲ್ಲ ಎರಡು ಸಾವಿರದಿಂದ ಮೂರೂವರೆ ಸಾವಿರದ ಒಳಗೆ. ಅಳತೆ ನೋಡಿ ಆರಿಸಿದ ಸಣ್ಣ ಟರ್ಬೊ ಟಾರ್ಕ್ ಸುರಿಯುವುದು ಅಲ್ಲಿಯೇ. ವೇಗಕ್ಕಾಗಿ ಕೇಳುತ್ತಿದ್ದೇವೆ ಅಂದುಕೊಳ್ಳಬೇಡಿ, ಓವರ್‌ಟೇಕ್ ಬೇಗ ಮುಗಿಯಲಿ ಅಂತ ಕೇಳುತ್ತಿದ್ದೇವೆ.

ಸಾಕ್ಷಿಗೆ ದೂರ ಹೋಗಬೇಕಿಲ್ಲ. ಬಿಡದಿಯಲ್ಲೇ ತಯಾರಾದ ಕ್ವಾಲಿಸ್ ನೆನಪಿದೆಯಲ್ಲ? 2.4 ಲೀಟರ್ ಡೀಸೆಲ್, ಟರ್ಬೊ ಇಲ್ಲ, 75 ಅಶ್ವಶಕ್ತಿ. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. 2.5 ಲೀಟರ್, ಟರ್ಬೊ, 102 ಅಶ್ವಶಕ್ತಿ. ಎಂಜಿನ್ನಿನ ಗಾತ್ರ ಹೆಚ್ಚುಕಡಿಮೆ ಅದೇ, ಎಳೆತ ಎಲ್ಲಿಂದೆಲ್ಲಿಗೆ ಹೋಯಿತು! ಫೆರಾರಿಯೂ 2015ರಲ್ಲಿ ಅದನ್ನೇ ಮಾಡಿತು. ಟರ್ಬೊ ಇಲ್ಲದ 4.5 ಲೀಟರಿನ 458 ಕಾರನ್ನು ನಿಲ್ಲಿಸಿ, 3.9 ಲೀಟರಿಗೆ ಎರಡು ಟರ್ಬೊ ಕೂರಿಸಿದ 488 ತಂದು, ಅಶ್ವಶಕ್ತಿಯನ್ನು 570ರಿಂದ 670ಕ್ಕೆ ಏರಿಸಿತು. ಅದೇ ವರ್ಷ ಪೋರ್ಶೆ ತನ್ನ ಮಾಮೂಲಿ 911 ಕರೇರಾಕ್ಕೂ ಟರ್ಬೊ ಹಾಕಿತು. ನಮ್ಮ ಬೆಂಗಳೂರಿನ ಸ್ಯಾನ್ ಮೋಟರ್ಸ್ ತಂದ ಸ್ಯಾನ್ ಸ್ಟಾರ್ಮ್ ನೋಡಿ. ಎರಡೇ ಸೀಟು, ಫೈಬರ್ ಮೈ, ನೋಡಲು ಚೆಲುವೆ. ಒಳಗೆ 1.2 ಲೀಟರಿನ ರೆನೋ ಎಂಜಿನ್ನು, ಅರವತ್ತೇ ಅಶ್ವಶಕ್ತಿ. ಅಂಥ ಗಾಡಿ ಕೈಗೆ ಸಿಕ್ಕರೆ ಟರ್ಬೊ ಹಾಕದೆ ಬಿಡುವವನಿಗೆ ನಾನೇ ಕೈಮುಗಿಯುತ್ತೇನೆ.

ಹಿಂದೆ ಹೆದರಿಸುತ್ತಿದ್ದ ಮಾತುಗಳೂ ಈಗ ಹಳೆಯವು. ಇಸಿಯು ಪ್ರೋಗ್ರಾಂ ಮಾಡುವವರು ಬೆಂಗಳೂರಿನಲ್ಲಿದ್ದಾರೆ. ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನ ಆಕ್ಟೇನ್ 95. ಮೊದಲು ಇದ್ದದ್ದು 91. ಇ20ಯಲ್ಲಿ ಬೆರೆತಿರುವ ಎಥೆನಾಲ್ ಆವಿಯಾಗುವಾಗ ಒಳಗಿನ ಗಾಳಿಯನ್ನು ತಂಪು ಮಾಡುತ್ತದೆ, ಅದೂ ಟರ್ಬೊಗೆ ಅನುಕೂಲವೇ. ಎಲ್ಲರೂ ಬೈಯುವ ಇ20ಯನ್ನು ಹೊಗಳುವವನು ನಾನೊಬ್ಬನೇ ಇರಬೇಕು.

ವಿರೋಧ

ತಮ್ಮಾ, ಕ್ವಾಲಿಸ್–ಇನ್ನೋವಾ ಉದಾಹರಣೆ ನೀನೇ ಎತ್ತಿದ್ದು ಒಳ್ಳೆಯದಾಯಿತು. ನಿನ್ನ ವಾದ ಬೀಳುವುದು ಅಲ್ಲೇ. ಬಿಡದಿಯವರು ಕ್ವಾಲಿಸ್ ಎಂಜಿನ್ನಿಗೆ ಟರ್ಬೊ ಬಿಗಿದು ಇನ್ನೋವಾ ಎಂದು ಹೆಸರಿಡಲಿಲ್ಲ. ಬ್ಲಾಕ್ ಬೇರೆ, ಹೆಡ್ ಬೇರೆ, ಪಂಪು ಹೋಗಿ ಕಾಮನ್‌ರೈಲ್ ಬಂತು, ಗೇರ್‌ಬಾಕ್ಸ್, ಚಾಸಿ ಎಲ್ಲ ಹೊಸದು. ಟರ್ಬೊ ಅದರಲ್ಲಿ ಒಂದು ಸಾಮಾನು ಅಷ್ಟೆ. ನೀನು ಕೇಳುತ್ತಿರುವುದು ಹಳೆಯದನ್ನೆಲ್ಲ ಹಾಗೇ ಇಟ್ಟು ಅದೊಂದನ್ನು ಸೇರಿಸುವ ಕೆಲಸ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ, ಅದನ್ನು ಗ್ಯಾರೇಜಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಡೀಸೆಲ್ ಎಂಜಿನ್ನಿನೊಳಗೆ ಒತ್ತಡಕ್ಕೆ ಸಿಕ್ಕುವುದು ಬರೀ ಗಾಳಿ. ಡೀಸೆಲ್ ಬೀಳುವುದು ಕೊನೆಯ ಗಳಿಗೆಯಲ್ಲಿ. ಎಷ್ಟು ಗಾಳಿ ತುಂಬಿದರೂ, ಎಷ್ಟು ಬಿಸಿಯಾದರೂ, ಡೀಸೆಲ್ ಬರುವವರೆಗೆ ಬೆಂಕಿ ಹೊತ್ತುವುದಿಲ್ಲ. ಟರ್ಬೊ ಡೀಸೆಲ್ಲಿಗೆ ಅಷ್ಟು ಹೊಂದಿಕೊಂಡದ್ದು ಅದಕ್ಕೇ. ನಿನ್ನ ಪೆಟ್ರೋಲ್ ಕಾರಿನಲ್ಲಿ ಗಾಳಿಯೂ ಪೆಟ್ರೋಲೂ ಮೊದಲೇ ಬೆರೆತು ಒಟ್ಟಿಗೆ ಒತ್ತಡಕ್ಕೆ ಸಿಕ್ಕುತ್ತವೆ. ಒತ್ತಡ ಹೆಚ್ಚಿದಂತೆ ಬಿಸಿ ಹೆಚ್ಚುತ್ತದೆ. ಪ್ಲಗ್ಗಿನ ಕಿಡಿ ಹೊತ್ತಿಸಿದ ಬೆಂಕಿ ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಕಟಕಟ ಸದ್ದು ಕೇಳಿದೆ ಅಂದರೆ ಪಿಸ್ಟನ್ ತಲೆಯ ಮೇಲೆ ಸುತ್ತಿಗೆ ಬೀಳುತ್ತಿದೆ ಎಂದೇ ಅರ್ಥ. ರಿಂಗ್ ಕೂರುವ ಅಂಚು ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ತೀರ ಕೆಟ್ಟ ಪ್ರಸಂಗದಲ್ಲಿ ಕನೆಕ್ಟಿಂಗ್ ರಾಡ್ ಬ್ಲಾಕ್ ಸೀಳಿಕೊಂಡು ಹೊರಗೆ ಬರುತ್ತದೆ.

ಟರ್ಬೊ ಇಲ್ಲದ ಸ್ಪೋರ್ಟ್ಸ್ ಎಂಜಿನ್ನನ್ನು ಕಂಪನಿಯವರು ಈ ಗಡಿಯ ತೀರ ಹತ್ತಿರಕ್ಕೆ ತಂದು ಬಿಟ್ಟಿರುತ್ತಾರೆ. 2012ರಲ್ಲಿ ಬಂದ ಟೊಯೋಟಾ ಜಿಟಿ86 ನೋಡು: ಎರಡು ಲೀಟರ್, 200 ಅಶ್ವಶಕ್ತಿ, ಕಂಪ್ರೆಷನ್ 12.5ಕ್ಕೆ ಒಂದು. ಗಾಳಿ ತಾನಾಗಿ ಬರುವುದರಲ್ಲೇ ಹಿಂಡಿ ಹಿಂಡಿ ಅಷ್ಟು ತೆಗೆದಿದ್ದಾರೆ. ಅದರ ಮೇಲೆ ನೀನು ಅರ್ಧ ಬಾರ್ ಒತ್ತಿದರೆ ಉಳಿದಿರುವ ಜಾಗ ಎಲ್ಲಿ? ಜಗತ್ತಿನಲ್ಲೆಲ್ಲ ಅಭಿಮಾನಿಗಳು ಆ ಕಾರಿಗೆ ಟರ್ಬೊ ಕೊಡಿ ಎಂದು ವರ್ಷಗಟ್ಟಲೆ ಕೇಳಿದರು. 2021ರಲ್ಲಿ ಹೊಸ ಜಿಆರ್86 ಬಂದಾಗ ಟೊಯೋಟಾ ಟರ್ಬೊ ಕೊಡಲಿಲ್ಲ, ಎಂಜಿನ್ನನ್ನು 2.4 ಲೀಟರಿಗೆ ಹಿಗ್ಗಿಸಿತು. ಟರ್ಬೊ ಮಾಡಲು ಬಾರದೆ ಅಲ್ಲ. ಅದರ ಹಿಂದಿನ ವರ್ಷವೇ ಜಿಆರ್ ಯಾರಿಸ್‌ನಲ್ಲಿ ಮೂರೇ ಸಿಲಿಂಡರಿನ 1.6 ಲೀಟರಿಗೆ ಟರ್ಬೊ ಹಾಕಿ 250 ದಾಟಿಸಿದ್ದರು. ಆದರೆ ಆ ಎಂಜಿನ್ನು ಹುಟ್ಟಿದ್ದೇ ಟರ್ಬೊಗಾಗಿ. ಪೋರ್ಶೆಯೂ ಅಷ್ಟೆ: ಕರೇರಾಕ್ಕೆ ಟರ್ಬೊ ಹಾಕಿದವರು ಜಿಟಿ3ಗೆ ಹಾಕದೆ ಒಂಬತ್ತು ಸಾವಿರ ಆರ್‌ಪಿಎಂವರೆಗೆ ಹಾಡಲು ಬಿಟ್ಟಿದ್ದಾರೆ.

ಕಂಪ್ರೆಷನ್ ಇಳಿಸುತ್ತೇನೆ ಅನ್ನುತ್ತೀಯ. ಇಳಿಸು. ದಪ್ಪ ಗ್ಯಾಸ್ಕೆಟ್ಟೋ ಬೇರೆ ಪಿಸ್ಟನ್ನೋ ಹಾಕು. ಆಗ ಬೂಸ್ಟ್ ಬರುವ ಮುಂಚೆ ಗಾಡಿ ಮೊದಲಿಗಿಂತ ಮಂಕಾಗುತ್ತದೆ. ಹಂಪು ದಾಟಿ ಎರಡನೇ ಗೇರಿನಲ್ಲಿ ಎಳೆಯುವಾಗ ಇದ್ದ ಚುರುಕೂ ಹೋಗುತ್ತದೆ. ನೀನು ಹೇಳಿದ ಎರಡು ಸಾವಿರದಿಂದ ಮೂರೂವರೆ ಸಾವಿರದ ಜಾಗದಲ್ಲೇ ನಷ್ಟ. ಇಳಿಸದಿದ್ದರೆ ಕಟಕಟ, ಇಳಿಸಿದರೆ ಮಂಕು; ನಡುವೆ ದಾರಿಯಿದೆ, ಕಿರಿದಾದ ದಾರಿ.

ಇನ್ನು ಜೊತೆಗೆ ಬರುವ ಸಾಮಾನು. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದು ನಿಂತಿರುವುದು ಆಯಿಲ್ಲಿನ ತೆಳುಪದರದ ಮೇಲೆ. ಆಯಿಲ್ ಲೈನು ಎಳೆಯಬೇಕು, ವಾಪಸ್ ಬರುವ ದಾರಿಗೆ ಸಂಪ್ ಕೊರೆಯಬೇಕು. ಹಳೆಯ ಇನ್ನೋವಾ ಡ್ರೈವರುಗಳು ಎಂಜಿನ್ ಆಫ್ ಮಾಡುವ ಮುಂಚೆ ಒಂದು ನಿಮಿಷ ಐಡಲ್ ಬಿಡುತ್ತಿದ್ದದ್ದು ಯಾಕೆಂದುಕೊಂಡೆ? ಇಂಟರ್‌ಕೂಲರ್, ದೊಡ್ಡ ಇಂಜೆಕ್ಟರ್, ದೊಡ್ಡ ಪಂಪು, ರೇಡಿಯೇಟರ್, ಕ್ಲಚ್ಚು, ಆಮೇಲೆ ಬ್ರೇಕು. ಎರಡೆತ್ತಿನ ಗಾಡಿಗೆ ನಾಲ್ಕು ಎತ್ತು ಹೂಡಿದರೆ ಮೂಕಿ ಕೇಳಬೇಕಲ್ಲ! ಮಾಜ್ದಾ ಕಂಪನಿ 2004ರಲ್ಲಿ ತನ್ನ ಪುಟ್ಟ ಎಂಎಕ್ಸ್–5ಗೆ ತಾನೇ ಟರ್ಬೊ ಹಾಕಿದಾಗ 142 ಇದ್ದದ್ದನ್ನು 178ಕ್ಕೆ ಏರಿಸಿ ಅಲ್ಲಿಗೇ ನಿಲ್ಲಿಸಿತು. ಅಷ್ಟಕ್ಕೇ ಕ್ಲಚ್ಚು, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲ ಗಟ್ಟಿ ಮಾಡಿತು. ಕಾರು ಮಾಡಿದವರೇ ಇಷ್ಟು ಅಂಜಿಕೊಂಡು ಏರಿಸಿರುವಾಗ, ನಮ್ಮ ಗ್ಯಾರೇಜಿನವರು ದುಪ್ಪಟ್ಟು ಮಾಡಿಕೊಡುತ್ತೇವೆ ಅಂದರೆ ನಾನು ನಂಬುವುದಿಲ್ಲ.

ಇ20 ಹೊಗಳಿದೆ. ಆಕ್ಟೇನ್ ಹೆಚ್ಚಿರುವುದು ನಿಜ. ಆದರೆ ಎಥೆನಾಲಿನಲ್ಲಿ ಶಕ್ತಿ ಕಡಿಮೆ, ಅದೇ ಕೆಲಸಕ್ಕೆ ಹೆಚ್ಚು ಸುರಿಯಬೇಕು. ಇಪ್ಪತ್ತು ವರ್ಷ ಹಳೆಯ ಕಾರಿನ ರಬ್ಬರ್ ಪೈಪು, ಪಂಪು ಅದಕ್ಕೆಂದು ಮಾಡಿದ್ದಲ್ಲ. ಬೂಸ್ಟ್ ತುಂಬಿದ ಹೊತ್ತಿನಲ್ಲಿ ಪೆಟ್ರೋಲ್ ಒಂದು ಕ್ಷಣ ಕಡಿಮೆ ಬಿದ್ದರೆ ಪಿಸ್ಟನ್ ಕರಗುವುದಕ್ಕೆ ಅಷ್ಟು ಸಾಕು.

ಕಾನೂನಿನ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕೆ ವ್ಯತ್ಯಾಸವಾಗುವ ಬದಲಾವಣೆ ಮಾಡಕೂಡದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದಂಡ ಕಟ್ಟಿಬಿಡಬಹುದು, ಅಪಘಾತವಾದ ದಿನ ಇನ್ಶೂರೆನ್ಸ್‌ನವರು ಎಂಜಿನ್ ಫೋಟೊ ತೆಗೆದುಕೊಂಡು ಹೋಗಿ ಕ್ಲೇಮು ತಳ್ಳಿಹಾಕಿದರೆ ಯಾರನ್ನು ಕೇಳುತ್ತೀಯ? ಮತ್ತೆ, ಇಷ್ಟೆಲ್ಲ ಮಾಡಿ ಓಡಿಸುವುದೆಲ್ಲಿ? ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರಿಗೆ 100 ಕಿಲೋಮೀಟರ್ ಮಿತಿ, ಮೇಲೆ ಕ್ಯಾಮೆರಾ. 2024ರ ಆಗಸ್ಟ್‌ನಿಂದ 130 ಮೀರಿದವರ ಮೇಲೆ ಎಫ್‌ಐಆರ್ ಹಾಕುತ್ತೇವೆಂದು ರಾಜ್ಯದ ಪೊಲೀಸರು ಸಾರಿದ್ದಾರೆ. ನಿನ್ನ ಗಾಡಿ ಈಗಿರುವಂತೆಯೇ ಆ ಎರಡೂ ಅಂಕಿ ದಾಟುತ್ತದೆ.

ಪರದ ಇನ್ನೊಂದು ಮಾತು

ಅಣ್ಣಾ, ಓಡಿಸುವುದೆಲ್ಲಿ ಅಂದಿರಿ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿದೆ, ಕೊಯಮತ್ತೂರಿನ ಕರಿ ಟ್ರ್ಯಾಕಿದೆ. ಗಾಡಿಯನ್ನು ಟ್ರೈಲರಿನಲ್ಲಿ ಹೊತ್ತೊಯ್ದರೆ ಕ್ಯಾಮೆರಾದ ತಂಟೆಯೂ ಇಲ್ಲ, ಕುರಿಮಂದೆಯೂ ಇಲ್ಲ. ಅಲ್ಲಿಗೆಂದೇ ಒಂದು ಗಾಡಿ ಇಟ್ಟುಕೊಂಡವನಿಗೂ ಬೇಡ ಅನ್ನುತ್ತೀರಾ?

ನನ್ನ ಪಕ್ಷ

ಅವನಿಗೆ ಬೇಡ ಅನ್ನಲಾರೆ. ಟ್ರ್ಯಾಕಿಗೆಂದೇ ಮೀಸಲಾದ ಗಾಡಿಗೆ, ಎಂಜಿನ್ ಬಿಚ್ಚಿ ಪಿಸ್ಟನ್, ರಾಡ್ ಬದಲಿಸುವಷ್ಟು ದುಡ್ಡು ಮೊದಲೇ ತೆಗೆದಿಟ್ಟವನಿಗೆ ಟರ್ಬೊ ಸರಿ. ಅಕ್ಕೂರಿನಿಂದ ಚನ್ನಪಟ್ಟಣಕ್ಕೆ, ಬೆಂಗಳೂರಿಗೆ ದಿನವೂ ಓಡಾಡುವ ಒಂದೇ ಗಾಡಿಗೆ ಮಾತ್ರ ನನ್ನ ಉತ್ತರ ಬೇಡ ಎಂದೇ. ತಮ್ಮನ ಗಾಳಿಯ ಲೆಕ್ಕವನ್ನು ನಾನು ಪೂರ್ತಿ ಒಪ್ಪುತ್ತೇನೆ. ಟಾರ್ಕಿನ ಮಾತೂ ನಿಜ. ಆದರೆ ಅವನು ಕೇಳುವ ಟಾರ್ಕು ಕಂಪನಿಯೇ ಟರ್ಬೊ ಹಾಕಿ ಮಾರುವ ಇಂದಿನ ಒಂದು ಲೀಟರಿನ ಕಾರುಗಳಲ್ಲೂ ವಾರಂಟಿ ಸಮೇತ ಸಿಗುತ್ತದೆ. ಟರ್ಬೊ ಇಲ್ಲದ ಹಳೆಯ ಸ್ಪೋರ್ಟ್ಸ್ ಎಂಜಿನ್ನಿನಲ್ಲಿ ಇರುವ ಒಂದು ಗುಣ, ಕಾಲಿಟ್ಟ ಕೂಡಲೇ ಕಾಲಿಟ್ಟಷ್ಟೇ ಮಿಡಿಯುವ ಗುಣ, ಈಗ ಹೊಸದಾಗಿ ಸಿಗುವುದು ಅಪರೂಪ. ಅದನ್ನೇ ಕೊಂದು, ಎಲ್ಲೆಡೆ ಸಿಗುವುದನ್ನು ಕೊಳ್ಳುವ ವ್ಯಾಪಾರ ಇದು. ಅದೇ ದುಡ್ಡನ್ನು ಒಳ್ಳೆಯ ಟೈರು, ಬ್ರೇಕು, ಸಸ್ಪೆನ್ಷನ್ನಿಗೆ ಹಾಕಿ. ಉಳಿದರೆ ಎರಡು ದಿನ ಟ್ರ್ಯಾಕಿಗೆ ಹೋಗಿ ಬನ್ನಿ.

ಇಷ್ಟರ ಮೇಲೂ ಹಾಕಿಸಿಯೇ ತೀರುತ್ತೇನೆ ಅನ್ನುವವರು ಅಡ್ವಾನ್ಸ್ ಕೊಡುವ ಮುಂಚೆ ಗ್ಯಾರೇಜಿನವರಿಂದ ಮೂರು ಕಾಗದ ಕೇಳಿ: ಈಗಿನ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ರೀಡಿಂಗ್, ಕೂರಿಸುವ ಮುಂಚಿನ ಡೈನೊ ಗ್ರಾಫ್, ಯಾವ ಪೆಟ್ರೋಲಿಗೆ ಎಷ್ಟು ಬಾರ್ ಎಂಬ ಬರವಣಿಗೆ. ಮೂರರಲ್ಲಿ ಒಂದನ್ನು ಕೊಡಲು ಹಿಂದೇಟು ಹಾಕಿದರೂ ಅಲ್ಲಿ ಗಾಡಿ ಬಿಡಬೇಡಿ.