ಕೆಟ್ಟ ಕಾರನ್ನು ಯಾರ ತಲೆಗೆ ಕಟ್ಟೋಣ?

ಕಬ್ಬಿನ ಬಿಲ್ಲು ಕೈಗೆ ಬಂದೊಡನೆ, ತುಬಚಿಯಂಥ ಊರಿನ ಅಂಗಳದಲ್ಲಿ ಕೆಟ್ಟು ನಿಂತ ಮಾರುತಿ 800ಕ್ಕೆ ಒಂದೇ ತೀರ್ಪು: "ಮಾರಿಬಿಡಿ." ಪ್ರಿಯ ವಾಚಕರೇ, ಈ ಸಲಹೆಯನ್ನು ನಾನು ಒಪ್ಪಲಾರೆ. ಮಾರಿದ ಮಾತ್ರಕ್ಕೆ ಕಾರಿನ ದೋಷ ಅಳಿಯದು. ನಮಗಿಂತ ಬಡವನೊಬ್ಬನ ಮನೆಗೆ ಹೋಗುತ್ತದೆ, ಅಷ್ಟೆ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ಆ ಹೊರೆಯೂ ಕೊಂಡವನದೇ. ಕ್ಲಚ್ಚು, ಬ್ರೇಕು ಸವೆದಿದ್ದರೆ ಜಮಖಂಡಿಯ ಮೆಕ್ಯಾನಿಕ್ ಸರಿಪಡಿಸಬಲ್ಲ. ತಳದ ತಗಡನ್ನೇ ತುಕ್ಕು ತಿಂದಿದ್ದರೆ ಅದನ್ನು ಗುಜರಿಗೆ ಹಾಕಿ, ನೋಂದಣಿ ರದ್ದುಪಡಿಸುವುದೇ ನ್ಯಾಯ. ಅಂಥದಕ್ಕೆ ಬಣ್ಣ ಬಳಿದು ಮಾರುವುದು ವ್ಯಾಪಾರವಲ್ಲ, ವಂಚನೆ.

ಹೆಸರು ಬದಲಿಸದೆ ಕೀಲಿಕೈ ಕೊಟ್ಟು ಕೈತೊಳೆದುಕೊಳ್ಳುವ ಜಾಣರೂ ಇದ್ದಾರೆ! ಮಾರಾಟವನ್ನು ಹದಿನಾಲ್ಕು ದಿನಗಳೊಳಗೆ ತಿಳಿಸಬೇಕೆಂಬುದು ಮೋಟಾರು ವಾಹನ ಕಾಯಿದೆಯ 50ನೆಯ ಕಲಮು. 2007ರಲ್ಲಿ ಮಾರಿದ ಕಾರೊಂದು ಹಲವರ ಕೈ ದಾಟಿ 2009ರಲ್ಲಿ ಅಪಘಾತ ಮಾಡಿತು. ದಾಖಲೆಯಲ್ಲಿ ಹೆಸರಿದ್ದವನೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿತು. ಆರ್‌ಟಿಒ ಕಚೇರಿ ಜಮಖಂಡಿಯಲ್ಲೇ ಇದೆ, ಬೆಂಗಳೂರಿನಲ್ಲಲ್ಲ.